ಮೇಷ್ಟರಿಗೆ ಅರಿವಿಲ್ಲ ಎಂಬ ಸುಳ್ಳು

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ, ಫೆಬ್ರವರಿ ತಿಂಗಳ ಮಧ್ಯಾಹ್ನ. ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಪರಿಸರ ಶಿಕ್ಷಣ ತರಬೇತಿ ನಡೆದಿತ್ತು. ಪ್ರೊಜೆಕ್ಟರಿನ ಚಿತ್ರ ಚೆನ್ನಾಗಿ ಕಾಣಲೆಂದು ಕಿಟಕಿಗಳಿಗೆಲ್ಲ ಬಟ್ಟೆ ಇಳಿಬಿಟ್ಟಿದ್ದರು. ಗೋಡೆಯ ಮೇಲೆ ಧ್ರುವ ಪ್ರದೇಶದ ಹಿಮ ಕರಗುವ ದೃಶ್ಯ. ನನ್ನ ಪಕ್ಕ ಕುಳಿತಿದ್ದವರು ಕಾಡಂಚಿನ ಕಿರಿಯ ಪ್ರಾಥಮಿಕ ಶಾಲೆಯ ಟೀಚರ್. ಅವರಿಗೆ ಫೋನ್ ಬಂತು. ಶಾಲೆಯ ಹಿಂದಿನ ಮತ್ತಿಮರದ ಬುಡದಲ್ಲಿ ಮಂಗವೊಂದು ಸತ್ತು ಬಿದ್ದಿದೆ, ಏನು ಮಾಡಲಿ ಎಂದು ಬಿಸಿಯೂಟದ ಅಡುಗೆಯವರು ಕೇಳುತ್ತಿದ್ದರು. ಟೀಚರ್ ದನಿ ತಗ್ಗಿಸಿ ಹೇಳಿದರು: "ಮಕ್ಕಳನ್ನ ಆ ಕಡೆ ಬಿಡಬೇಡಿ. ಯಾರೂ ಮುಟ್ಟೋದು ಬೇಡ. ಮೊದಲು ಆಸ್ಪತ್ರೆಗೆ ಫೋನ್ ಮಾಡಿ." ಆಮೇಲೆ ಎದ್ದು ನಿಂತು, ಇದನ್ನು ಮಕ್ಕಳಿಗೆ ಪಾಠವಾಗಿ ಹೇಗೆ ಹೇಳಬಹುದು ಸಾರ್ ಎಂದು ಸಂಪನ್ಮೂಲ ವ್ಯಕ್ತಿಯನ್ನು ಕೇಳಿದರು. "ಅದು ಆರೋಗ್ಯ ಇಲಾಖೆ ವಿಷಯ ಮೇಡಂ, ನಮ್ಮ ಮಾಡ್ಯೂಲಿನಲ್ಲಿಲ್ಲ" ಎಂಬ ಉತ್ತರ ಬಂತು. ಟೀಚರ್ ಕುಳಿತರು. ತರಬೇತಿ ಮುಂದುವರಿಯಿತು.

ಮಂಗನ ಕಾಯಿಲೆ ಪರಿಸರದ ವಿಷಯವಲ್ಲದಿದ್ದರೆ ಇನ್ನು ಯಾವುದು ಪರಿಸರದ ವಿಷಯ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ ಅದು. ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಇವತ್ತಿಗೂ ಆ ಕಾಡಿನ ಹೆಸರೇ ಅದಕ್ಕಿದೆ. ಕಾಡನ್ನು ಕಡಿದು ಗದ್ದೆ, ತೋಟ ಮಾಡಿದ್ದು, ಕಾಡಂಚಿನಲ್ಲಿ ದನ ಮೇಯುವುದು, ದನದ ಮೈಯಲ್ಲಿ ಹೊಟ್ಟೆ ತುಂಬಿಸಿಕೊಂಡ ಉಣುಗು ಹೆಚ್ಚುವುದು, ಕೊಟ್ಟಿಗೆಗೆ ದರಗು ತರಲು ಹೋದವರಿಗೆ ಅದು ಕಚ್ಚುವುದು, ಮಂಗ ಸತ್ತು ಮುನ್ಸೂಚನೆ ಕೊಡುವುದು, ಇಷ್ಟೂ ಒಂದೇ ಎಳೆಯಲ್ಲಿ ಹೆಣೆದುಕೊಂಡಿವೆ. 2018-19ರ ಋತುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜನ ಸತ್ತರು. ಆ ಮನೆಗಳ ಮಕ್ಕಳು ನಮ್ಮ ಶಾಲೆಗಳಲ್ಲೇ ಕುಳಿತಿದ್ದರು. ಕಾಡು, ಪ್ರಾಣಿ, ಕೀಟ, ಕೃಷಿ, ಆರೋಗ್ಯ ಹೀಗೆ ಒಂದಕ್ಕೊಂದು ತಗುಲಿಕೊಂಡಿರುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠವನ್ನು ಯಾರು ಬರೆದಾರು? ಆ ಟೀಚರ್‌ಗೆ ಆ ಪಾಠ ಗೊತ್ತಿತ್ತು. ಅದು ಪಾಠವೆಂದು ಒಪ್ಪುವವರು ಮಾತ್ರ ಆ ಕೋಣೆಯಲ್ಲಿ ಇರಲಿಲ್ಲ.

ನಾನು ಖಂಡಿಸಲು ಹೊರಟಿರುವುದು ನಮ್ಮಲ್ಲಿ ಆಳವಾಗಿ ಬೇರುಬಿಟ್ಟ ಒಂದು ನಂಬಿಕೆಯನ್ನು. ಸುತ್ತೋಲೆಗಳಲ್ಲಿ, ಸಂಸ್ಥೆಗಳ ವರದಿಗಳಲ್ಲಿ, ವಿಚಾರ ಸಂಕಿರಣಗಳ ನಿರ್ಣಯಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ: ಶಾಲೆಗಳಲ್ಲಿ ಪರಿಸರ ಶಿಕ್ಷಣ ಸೋತಿದೆ, ಶಿಕ್ಷಕರಿಗೆ ಪರಿಸರದ ಅರಿವು ಸಾಲದಿರುವುದೇ ಅದಕ್ಕೆ ಕಾರಣ, ಆದ್ದರಿಂದ ಇನ್ನಷ್ಟು ತರಬೇತಿ ಕೊಡಬೇಕು. ಮೊದಲನೆಯ ಮಾತು ನಿಜ. ಎರಡನೆಯದು ಸುಳ್ಳು. ಆ ಸುಳ್ಳಿನ ಮೇಲೆ ಕಟ್ಟಿದ ಮೂರನೆಯದು ಶಿಕ್ಷಕರನ್ನು ಇದ್ದದ್ದಕ್ಕಿಂತ ದುರ್ಬಲರನ್ನಾಗಿ ಮಾಡುತ್ತಿದೆ.

ಪರಿಸರ ಶಿಕ್ಷಣಕ್ಕೆ ಕಾನೂನಿನ ಬಲ ಇಲ್ಲವೆನ್ನುವಂತಿಲ್ಲ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಅದನ್ನು ಕಡ್ಡಾಯ ಮಾಡಲು ಹೇಳಿತು. ಆದೇಶ ಜಾರಿಯಾಗಲಿಲ್ಲವೆಂದು 2003ರಲ್ಲಿ ಮತ್ತೆ ಎಚ್ಚರಿಸಿದ ಮೇಲೆ ಎನ್‌ಸಿಇಆರ್‌ಟಿ ಪಠ್ಯಕ್ರಮ ಸಿದ್ಧಪಡಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆ ಮಾಧವ ಗಾಡ್ಗೀಳರ ಅಧ್ಯಕ್ಷತೆಯ ತಂಡವೊಂದು ನೆಲೆ ಮತ್ತು ಕಲಿಕೆಯ ಬಗ್ಗೆ ವರದಿ ಕೊಟ್ಟಿತು. ಮಕ್ಕಳು ತಮ್ಮ ಸುತ್ತಲಿನ ನೆಲ, ನೀರು, ಜೀವಿಗಳನ್ನು ತಾವೇ ನೋಡಿ ದಾಖಲಿಸಲಿ, ಆ ಮಾಹಿತಿ ಎಲ್ಲರಿಗೂ ಸಿಗಲಿ ಎಂಬುದು ಆ ವರದಿಯ ತಿರುಳು. ಇಪ್ಪತ್ತು ವರ್ಷ ಕಳೆಯಿತು. ಮಕ್ಕಳಿಂದ ಹಾಗೆ ದಾಖಲೆ ಮಾಡಿಸಬೇಕಾದ ಶಿಕ್ಷಕರನ್ನು ಅದಕ್ಕೆ ಅಣಿಗೊಳಿಸುವ ತರಬೇತಿ ಎಲ್ಲಿ ನಡೆಯಿತು? ನಾನು ಕೂತ ತರಬೇತಿಗಳಲ್ಲಿ ಒಂದರಲ್ಲೂ ನಡೆಯಲಿಲ್ಲ.

ನಡೆದದ್ದು ಇಷ್ಟು. ಮೇಲೆ ಎಲ್ಲೋ ಒಂದು ಮಾಡ್ಯೂಲ್ ತಯಾರಾಗುತ್ತದೆ. ರಾಜ್ಯಮಟ್ಟದಲ್ಲಿ ಐದು ದಿನ ಕಲಿತವರು ಜಿಲ್ಲೆಯಲ್ಲಿ ಮೂರು ದಿನ ಹೇಳುತ್ತಾರೆ. ಜಿಲ್ಲೆಯಲ್ಲಿ ಕೇಳಿದವರು ತಾಲ್ಲೂಕಿನಲ್ಲಿ ಎರಡು ದಿನ ಹೇಳುತ್ತಾರೆ. ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿಗೆ ಬರುವಾಗ ಅದು ಸಮಾಲೋಚನಾ ಸಭೆಯ ಕೊನೆಯ ಅರ್ಧ ಗಂಟೆ. ಮೇಲಿನವರು ಕೈಯಾರೆ ಮಾಡಿ ಕಲಿತ ಚಟುವಟಿಕೆ ಕೆಳಗೆ ಬರುವಾಗ ಚಟುವಟಿಕೆಯ ವಿವರಣೆಯಾಗಿರುತ್ತದೆ, ಇನ್ನೂ ಕೆಳಗೆ ಅದರ ಹೆಸರು ಮಾತ್ರ ಉಳಿದಿರುತ್ತದೆ. ಲೆಕ್ಕ, ಭಾಷೆಗಳ ತರಬೇತಿಗೂ ಇದೇ ಗತಿ ಎನ್ನಬಹುದು. ಆದರೆ ಭಿನ್ನರಾಶಿ ಬೀದರಿನಲ್ಲೂ ಚಾಮರಾಜನಗರದಲ್ಲೂ ಒಂದೇ. ಕೆರೆ ಒಂದೇ ಅಲ್ಲ, ಮಣ್ಣು ಒಂದೇ ಅಲ್ಲ, ಮಳೆ ಬರುವ ತಿಂಗಳೂ ಒಂದೇ ಅಲ್ಲ. ಎಲ್ಲ ಊರಿಗೂ ಹೊಂದುವ ಹಾಗೆ ಬರೆದ ಪರಿಸರ ಮಾಡ್ಯೂಲ್ ಯಾವ ಊರಿಗೂ ಹೊಂದುವುದಿಲ್ಲ.

2019ರಲ್ಲಿ ಶುರುವಾದ ನಿಷ್ಠಾ ತರಬೇತಿ ಕಾರ್ಯಕ್ರಮ ದೇಶದ ಸುಮಾರು 42 ಲಕ್ಷ ಶಿಕ್ಷಕರನ್ನು ತಲುಪುವ ಗುರಿ ಇಟ್ಟುಕೊಂಡಿತು. ಮರುವರ್ಷ ಕೊರೊನಾ ಕಾಲದಲ್ಲಿ ಅದು ದೀಕ್ಷಾ ಜಾಲತಾಣಕ್ಕೆ ಹೋಯಿತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಅಭಿವೃದ್ಧಿಯಲ್ಲಿ ತೊಡಗಬೇಕೆಂದಿತು. ಶಿಕ್ಷಕರು ವೃತ್ತಿಯುದ್ದಕ್ಕೂ ಕಲಿಯುತ್ತಿರಬೇಕು ಎಂಬ ಆಶಯಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಗಂಟೆಗಳನ್ನು ನಾವು ಎಣಿಸುತ್ತಿರುವ ರೀತಿಗೆ. ವಿಡಿಯೊ ಓಡಿದರೆ ಗಂಟೆ, ಕೊನೆಯ ಹತ್ತು ಪ್ರಶ್ನೆಗೆ ಟಿಕ್ ಹಾಕಿದರೆ ಪ್ರಮಾಣಪತ್ರ. ಅದೇ ಒಬ್ಬ ಶಿಕ್ಷಕಿ ತನ್ನ ಶಾಲೆಯ ಹೊಂಗೆ ಮರ ಯಾವ ವಾರ ಎಲೆ ಉದುರಿಸಿತು, ಯಾವ ವಾರ ಹೂ ಬಿಟ್ಟಿತು ಎಂದು ಮಕ್ಕಳ ಜೊತೆ ಮೂರು ವರ್ಷ ಬರೆದಿಟ್ಟರೆ ಅದಕ್ಕೆ ಒಂದು ಗಂಟೆಯೂ ಸಿಗುವುದಿಲ್ಲ. ಪಕ್ಕದ ಕೇರಳದಲ್ಲಿ ಸೀಸನ್‌ವಾಚ್ ಎಂಬ ಯೋಜನೆಯ ಮೂಲಕ ಶಾಲಾ ಮಕ್ಕಳೂ ಶಿಕ್ಷಕರೂ ಇದೇ ಕೆಲಸವನ್ನು ವಾರವಾರ ಮಾಡುತ್ತಿದ್ದಾರೆ, ಅವರ ಟಿಪ್ಪಣಿಗಳು ಋತುಮಾನದ ಬದಲಾವಣೆಯನ್ನು ಅರಿಯಲು ವಿಜ್ಞಾನಿಗಳಿಗೆ ಒದಗುತ್ತಿವೆ. ನಮ್ಮ ಲೆಕ್ಕದಲ್ಲಿ ಅಂಥ ಕೆಲಸ ತರಬೇತಿಯಲ್ಲ.

ಅರಿವಿಲ್ಲ ಎಂಬ ಆರೋಪಕ್ಕೆ ಬರುತ್ತೇನೆ. ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರಲ್ಲಿ ಬಹಳಷ್ಟು ಮಂದಿ ರೈತರ, ಕೂಲಿಕಾರರ, ಕುರಿ ಸಾಕುವವರ ಮನೆಗಳಿಂದ ಬಂದವರು. ಆರಿದ್ರಾ ಮಳೆಗೆ ಏನು ಬಿತ್ತಬೇಕು, ಯಾವ ಹುಲ್ಲು ದನಕ್ಕೆ ಆಗದು, ಊರ ಬಾವಿ ಯಾವ ವರ್ಷ ಬತ್ತಿತು ಎಂಬುದು ಅವರಿಗೆ ಗೊತ್ತು. ಡಿ.ಇಡಿ. ಮಾಡಿ, ಸಿಇಟಿ ಬರೆದು, ಕೆಲಸಕ್ಕೆ ಸೇರಿದ ಮೇಲೆ ಅವರು ಕೂತ ಪ್ರತಿ ತರಬೇತಿಯೂ ಹೇಳಿದ್ದು ಒಂದೇ: ನಿಮಗೆ ಗೊತ್ತಿರುವುದು ಪರಿಸರವಲ್ಲ, ಈ ಪುಸ್ತಕದಲ್ಲಿ ಇರುವುದು ಪರಿಸರ. ಹದಿನೈದು ವರ್ಷ ಹೀಗೆ ಹೇಳಿಸಿಕೊಂಡ ಮನುಷ್ಯ ತನಗೆ ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಾನೆ. ಆ ಹಿಂಜರಿಕೆಯನ್ನೇ ನಾವು ಅಜ್ಞಾನವೆಂದು ವರದಿ ಬರೆಯುತ್ತೇವೆ.

ಅನುಭವದಲ್ಲಿ ಇರುವುದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಅನುಭವವನ್ನು ಪರೀಕ್ಷೆಗೆ ಒಡ್ಡಬೇಕು, ಅದನ್ನು ಕಲಿಸುವುದೇ ತರಬೇತಿಯ ಕೆಲಸ. ಮೃಗಶಿರೆ ಮೊದಲಿನ ಹಾಗೆ ಸುರಿಯುತ್ತಿಲ್ಲ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ನಿಜವೇ? ಒಂದು ಬಾಟಲಿ, ಒಂದು ಆಲಿಕೆ, ಒಂದು ಅಳತೆಪಟ್ಟಿ ಇದ್ದರೆ ಐದನೆಯ ತರಗತಿಯ ಮಕ್ಕಳು ಮಳೆ ಅಳೆಯಬಲ್ಲರು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಶಾಲೆಯ ಅಳತೆಯನ್ನು ಅದರ ಅಂಕಿಯ ಪಕ್ಕ ಇಟ್ಟು, ಅಜ್ಜನ ಮಾತಿನ ಪಕ್ಕ ಇಟ್ಟು ನೋಡಿದರೆ ಲೆಕ್ಕ, ಭೂಗೋಳ, ಭಾಷೆ ಮೂರೂ ಆಯಿತು. ಪಂಚಾಯಿತಿಯ ಮಳೆಮಾಪಕ ಎಲ್ಲಿದೆ ಎಂದು ಶಿಕ್ಷಕರಿಗೆ ತೋರಿಸಿದ ತರಬೇತಿಯನ್ನು ನಾನು ಕಂಡಿಲ್ಲ.

ಅರಿವು ಮೂಡಿಸುವುದೇ ಪರಿಸರ ಶಿಕ್ಷಣ ಎನ್ನುವವರಿಗೆ ನೀಲಗಿರಿಯ ಕಥೆಯನ್ನು ನೆನಪಿಸಬೇಕು, ನನ್ನ ವಾದದ ಬುಡ ಇರುವುದು ಅಲ್ಲೇ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂತು. ಕೋಲಾರದ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿತು. ಸಸಿ ನೆಡಿ, ನಾಡು ಹಸಿರಾಗಲಿ ಎಂಬುದೇ ಆಗಿನ ಪರಿಸರ ಪಾಠ. ಶಾಲಾ ಬಾಲಕನಾಗಿ ನಾನೂ ಸಾಲಿನಲ್ಲಿ ನಿಂತು ನೀಲಗಿರಿ ಸಸಿ ನೆಟ್ಟವನು; ಭಾಷಣ ಮಾಡಿದವರೂ ನೆಡಿಸಿದ ಮೇಷ್ಟರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಅದೇ ಹೊತ್ತಿಗೆ, 1983ರಲ್ಲಿ, ತುಮಕೂರು ಜಿಲ್ಲೆಯ ರೈತರು ಸರ್ಕಾರದ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹಾಕಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಕಡಿಯಲು ಬಿಡದೆ ಮರಗಳನ್ನು ಅಪ್ಪಿಕೊಂಡರು. 1987ರ ನವೆಂಬರಿನಲ್ಲಿ ಹಾನಗಲ್ಲಿನ ಕುಸನೂರಿನಲ್ಲಿ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ನಡೆಯಿತು: ಕಾರ್ಖಾನೆಯ ನಾರಿಗಾಗಿ ಗೋಮಾಳದಲ್ಲಿ ಬೆಳೆಸಿದ ನೀಲಗಿರಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು. ಆ ಭೂಮಿಯ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರಿದ್ದರು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿ ಬೆಳೆಯುವುದನ್ನು ನಿಷೇಧಿಸಿತು.

ಈ ಮೂವತ್ತು ನಲವತ್ತು ವರ್ಷಗಳಲ್ಲಿ ಅರಿವಿದ್ದದ್ದು ಯಾರಿಗೆ? ನೆಡಿ ಎಂದು ಹೇಳಿದ ಅಧಿಕಾರಿಗೆ ಇರಲಿಲ್ಲ, ಆ ಮಾತನ್ನು ಮಕ್ಕಳಿಗೆ ತಲುಪಿಸಿದ ಮೇಷ್ಟರಿಗೆ ಇರಲಿಲ್ಲ. ಬಾವಿಯ ನೀರು ಇಳಿಯುವುದನ್ನು, ಮೇವು ಮಾಯವಾಗುವುದನ್ನು ಕಣ್ಣಾರೆ ಕಂಡ ಊರಿನವರಿಗೆ ಇತ್ತು. ಆ ದಿನ ಶಿಕ್ಷಕರಿಗೆ ಬೇಕಾಗಿದ್ದದ್ದು ಈ ಗಿಡ ಇಲ್ಲಿ ಯಾಕೆ, ಇದರಿಂದ ಯಾರಿಗೆ ಏನು ಸಿಗುತ್ತದೆ, ಇದರ ಬುಡದಲ್ಲಿ ಬೇರೆ ಏನು ಬೆಳೆಯುತ್ತದೆ ಎಂದು ಮಕ್ಕಳ ಜೊತೆ ನಿಂತು ನೋಡುವ ಅಭ್ಯಾಸ. ಆಗಲೂ ಅದನ್ನು ಕೊಡಲಿಲ್ಲ, ಈಗಲೂ ಕೊಡುತ್ತಿಲ್ಲ. ಸಂದೇಶ ಬದಲಾಗಿದೆ ಅಷ್ಟೆ: ಅಂದು ನೀಲಗಿರಿ, ಇಂದು ಬೀಜದುಂಡೆ, ಬಟ್ಟೆ ಚೀಲ, ಜೂನ್ 5ರ ಫೋಟೊ. ಇವುಗಳಲ್ಲಿ ಕೆಲವು ಒಳ್ಳೆಯವೇ ಇರಬಹುದು. ಆದರೆ ಒಳ್ಳೆಯದನ್ನು ಕೆಟ್ಟದ್ದರಿಂದ ಬೇರೆ ಮಾಡುವ ಶಕ್ತಿಯನ್ನು ಬೆಳೆಸದೆ ಸಂದೇಶವನ್ನು ಮಾತ್ರ ಹೊರಿಸಿದರೆ, ನಾಳೆ ಮತ್ತೊಂದು ನೀಲಗಿರಿ ಬಂದಾಗಲೂ ನಮ್ಮ ಶಿಕ್ಷಕರು ಅದನ್ನೇ ನೆಡಿಸುತ್ತಾರೆ. ತಪ್ಪು ಅವರದಾಗಿರುವುದಿಲ್ಲ.

ನನ್ನ ಮಾತನ್ನು ಒಪ್ಪದವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಅವರ ಮೊದಲ ಆಕ್ಷೇಪ: ಶಿಕ್ಷಕರಿಗೆ ವಿಜ್ಞಾನದ ತಿಳಿವಳಿಕೆ ಕಡಿಮೆ ಇರುವುದು ನಿಜವಲ್ಲವೇ? ಓಝೋನ್ ಪದರದ ರಂಧ್ರಕ್ಕೂ ಭೂಮಿ ಬಿಸಿಯಾಗುವುದಕ್ಕೂ ವ್ಯತ್ಯಾಸ ತಿಳಿಯದವರು ಇಲ್ಲವೇ? ಇದ್ದಾರೆ. ಹವಾಮಾನ ಬದಲಾವಣೆಯ ವಿಜ್ಞಾನವನ್ನು ಶಿಕ್ಷಕರು ಕಲಿಯಲೇಬೇಕು, ಧ್ರುವದ ಹಿಮ ನಮಗೆ ಸಂಬಂಧಿಸಿದ್ದಲ್ಲ ಎಂದು ನಾನು ಹೇಳಲಾರೆ. ಆದರೆ ವಿಜ್ಞಾನ ತಲೆಗೆ ಹತ್ತುವುದು ಪ್ರಶ್ನೆ ಹುಟ್ಟಿದ ಮೇಲೆ. ಪಾವಗಡದ ಕಡೆಯ ಮೇಷ್ಟರು ತರಗತಿಯ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳನ್ನು ದಿನಾ ನೋಡುತ್ತಾರೆ. ಅಲ್ಲಿಂದ ಶುರು ಮಾಡಿ. ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ನೀರು ಬಹುಕಾಲ ನಿಂತರೆ ಕಲ್ಲಿನ ಫ್ಲೋರೈಡ್ ಅದಕ್ಕೆ ಇಳಿಯುತ್ತದೆ, ಕೊಳವೆಬಾವಿ ಆಳಕ್ಕೆ ಹೋದಷ್ಟೂ ಅಂಥ ನೀರೇ ಮೇಲೆ ಬರುತ್ತದೆ, ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಕೆರೆ ತುಂಬಿದ್ದ ಕಾಲದಲ್ಲಿ ತೆರೆದ ಬಾವಿಯ ನೀರಿಗೆ ಈ ಕಾಟ ಯಾಕೆ ಕಡಿಮೆ ಇತ್ತು ಎಂದು ಒಂದು ದಿನ ಕೂರಿಸಿ ಹೇಳಿ. ಆ ದಿನದ ರಸಾಯನಶಾಸ್ತ್ರವನ್ನು ಆ ಮೇಷ್ಟರು ನಿವೃತ್ತಿಯವರೆಗೆ ಮರೆಯುವುದಿಲ್ಲ. ಅದೇ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ. ಸೌರಶಕ್ತಿ ಒಳ್ಳೆಯದು ಎಂಬ ಒಂದು ಸಾಲಿನಲ್ಲಿ ಮಾಡ್ಯೂಲ್ ಮುಗಿಯುತ್ತದೆ. ಜಮೀನು ಗುತ್ತಿಗೆ ಕೊಟ್ಟ ರೈತನಿಗೆ ವರ್ಷವರ್ಷ ಹಣ ಬರುತ್ತದೆ, ಜಮೀನಿಲ್ಲದ ಕುರಿಗಾಹಿಗೆ ಮೇವಿನ ನೆಲ ಹೋಗಿದೆ, ಕಲ್ಲಿದ್ದಲು ಸುಡದೆ ವಿದ್ಯುತ್ತು ಹುಟ್ಟಿದೆ. ಈ ಮೂರೂ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರುವಾಗ ಮೇಷ್ಟರು ಹೇಗೆ ಮಾತಾಡಬೇಕು? ತರಬೇತಿ ಕೊಡಬೇಕಾದದ್ದು ಇದಕ್ಕೆ.

ಎರಡನೆಯ ಆಕ್ಷೇಪ: ಲಕ್ಷಾಂತರ ಶಿಕ್ಷಕರನ್ನು ಕಾಡಿಗೆ, ನದಿಗೆ ಕರೆದೊಯ್ಯಲು ಆಗುತ್ತದೆಯೇ? ಬೇಡ. ಕಾಡಿಗೆ ಒಯ್ಯಿರಿ ಎಂದು ಯಾರೂ ಕೇಳುತ್ತಿಲ್ಲ. ಶಾಲೆಯ ಸುತ್ತ ಒಂದು ಕಿಲೋಮೀಟರ್ ಸಾಕು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಿದವರಿಗೆ ಗೊತ್ತು, ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಗಿಡಗಳ ಬಳಿಗೇ ಕರೆದೊಯ್ದು ಕಲಿಸಿದ ಬಗೆ. ಅವರದು ಪಶ್ಚಿಮ ಘಟ್ಟದ ಪ್ರವಾಸ. ನಮ್ಮ ಶಿಕ್ಷಕರದು ಬೇಲಿ, ಚರಂಡಿ, ಕೆರೆ ಏರಿ ಆಗಲಿ. ಬೇಲಿಯಲ್ಲಿ ಲಂಟಾನ ಯಾವಾಗ ಬಂತು ಎಂದು ಹುಡುಕಿದರೂ ಒಂದು ತಿಂಗಳ ಪಾಠವಾದೀತು.

ಇದೆಲ್ಲ ಕನಸು ಎಂದು ಯಾರೂ ತಳ್ಳಿಹಾಕುವಂತಿಲ್ಲ, ನಮ್ಮ ದೇಶದಲ್ಲೇ ನಡೆದಿದೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಮೂವತ್ತು ವರ್ಷ ಬಾಳಿತು, ಸಾವಿರ ಶಾಲೆಗಳಿಗೆ ಹರಡಿತು. ಹಳ್ಳಿಯ ಶಿಕ್ಷಕರು ಬೇಸಿಗೆಯಲ್ಲಿ ವಾರಗಟ್ಟಲೆ ಕೂತು ಪ್ರತಿ ಪ್ರಯೋಗವನ್ನೂ ತಾವೇ ಮಾಡುತ್ತಿದ್ದರು, ಹೊಲಗಳಿಗೆ ಹೋಗಿ ಬೆಳೆ, ಮಣ್ಣು, ಕೀಟ ನೋಡುತ್ತಿದ್ದರು, ಪುಸ್ತಕ ಬರೆದ ವಿಜ್ಞಾನಿಗಳನ್ನು ಪ್ರಶ್ನಿಸುತ್ತಿದ್ದರು. ಮುಖ್ಯವಾದದ್ದು ಆಮೇಲಿನದು: ಪ್ರತಿ ತಿಂಗಳೂ ಶಿಕ್ಷಕರ ಸಭೆ. ತರಗತಿಯಲ್ಲಿ ಏನು ಕೈಕೊಟ್ಟಿತು, ಮಗು ಕೇಳಿದ ಯಾವ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ ಎಂಬುದೇ ಅಲ್ಲಿ ಚರ್ಚೆ. ಶಾಲೆಗೆ ಬಂದು ಜೊತೆ ಕೂರುವವರೂ ಇದ್ದರು. ಹೀಗೆ ಬೆಳೆದ ಶಿಕ್ಷಕರೇ ಮುಂದೆ ಇತರರಿಗೆ ಸಂಪನ್ಮೂಲ ವ್ಯಕ್ತಿಗಳಾದರು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ನಮ್ಮ ರಾಜ್ಯದ ನಲಿಕಲಿ ಕಲಿಕಾ ಪದ್ಧತಿಯ ಹುಟ್ಟೂ ಹೀಗೆಯೇ. 1995ರ ಸುಮಾರಿಗೆ ಎಚ್.ಡಿ. ಕೋಟೆಯ ಶಿಕ್ಷಕರು ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗಾಗಿ ತಾವೇ ಕಲಿಕೆಯ ಕಾರ್ಡುಗಳನ್ನು ಬರೆದರು. ಶಿಕ್ಷಕರೇ ಬರೆದದ್ದರಿಂದ ಅದಕ್ಕೆ ಜೀವ ಬಂತು. ರಾಜ್ಯಕ್ಕೆಲ್ಲ ವಿಸ್ತರಿಸುವಾಗ ಕಾರ್ಡುಗಳು ಹೋದವು, ಬರೆಯುವ ಸ್ವಾತಂತ್ರ್ಯ ಜೊತೆಗೆ ಹೋಗಲಿಲ್ಲ.

ಸ್ವಾತಂತ್ರ್ಯದ ಮಾತು ಬಂದದ್ದರಿಂದ, ಯಾವ ತರಬೇತಿಯೂ ಎತ್ತದ ಇನ್ನೊಂದು ವಿಷಯವನ್ನು ಹೇಳಲೇಬೇಕು: ಭಯ. ಊರ ಪಕ್ಕದ ಕಲ್ಲು ಕ್ರಷರಿನ ದೂಳು ಶಾಲೆಯ ಹೆಂಚಿನ ಮೇಲೆ ಕೂರುತ್ತದೆ. ಅದನ್ನು ಬಿಳಿ ಹಾಳೆಯ ಮೇಲೆ ಹಿಡಿದು ಅಳೆಯುವುದು ಸುಲಭದ ಚಟುವಟಿಕೆ. ಮಾಡಿದರೆ ಸಂಜೆಯೊಳಗೆ ಕ್ರಷರ್ ಮಾಲೀಕರ ಫೋನ್ ಬರುತ್ತದೆ, ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್.ಡಿ.ಎಂ.ಸಿ.) ಮಾತಾಗುತ್ತದೆ, ಮುಂದಿನ ವರ್ಗಾವಣೆಯಲ್ಲಿ ಹೆಸರು ಬರುತ್ತದೆ. ಮಕ್ಕಳನ್ನು ಕೆರೆಯ ಬಳಿ ಒಯ್ದಾಗ ಒಂದು ಮಗು ಜಾರಿ ಬಿದ್ದರೆ ಅಮಾನತಾಗುವವರು ಶಿಕ್ಷಕರು. ಹೊರಗೆ ಒಯ್ದು ಕಲಿಸಿ ಎಂದು ಸುತ್ತೋಲೆ ಬರೆದವರು ಜೊತೆಗಿರುವುದಿಲ್ಲ. ಜನಗಣತಿ, ಸಮೀಕ್ಷೆ, ಮತದಾರರ ಪಟ್ಟಿ, ಮೊಟ್ಟೆಯ ಲೆಕ್ಕ, ಹಾಲಿನ ಲೆಕ್ಕ ಮುಗಿಸಿ, ಈ ಭಯವನ್ನೂ ಹೊತ್ತು ಐದು ತರಗತಿಗೆ ಇಬ್ಬರೇ ಇರುವ ಶಾಲೆಯಲ್ಲಿ ನಿಂತವರಿಗೆ ಪರಿಸರ ಪ್ರಜ್ಞೆ ಇಲ್ಲ ಎನ್ನುವುದು ಅನ್ಯಾಯ. ಅರಿವು ಇದ್ದೂ ಅವರು ಸುಮ್ಮನಿರುವುದು ರಕ್ಷಣೆ ಇಲ್ಲದ್ದರಿಂದ. ತರಬೇತಿ ಶಿಕ್ಷಕರನ್ನು ಬದಲಿಸಬೇಕು ಎಂದು ಹೊರಟಿದೆ. ಶಿಕ್ಷಕರ ಸುತ್ತಲಿನ ಇಲಾಖೆ ಬದಲಾಗಬೇಕಾದ ಕಡೆ ಯಾರೂ ಕೈ ಹಾಕುವುದಿಲ್ಲ.

ನನ್ನ ತೀರ್ಪು ಇಷ್ಟು. ಶಿಕ್ಷಕರನ್ನು ತಮ್ಮ ಶಾಲೆಯ ಊರಿನ ವಿದ್ಯಾರ್ಥಿಗಳನ್ನಾಗಿ ಮಾಡದ ಯಾವ ತರಬೇತಿಯೂ ಪರಿಸರ ತರಬೇತಿಯಲ್ಲ, ಅದನ್ನು ನಿಲ್ಲಿಸಿದರೆ ಮಕ್ಕಳಿಗೆ ನಷ್ಟವಿಲ್ಲ. ಉಳಿದ ಹಣ, ಉಳಿದ ದಿನಗಳನ್ನು ಕ್ಲಸ್ಟರಿಗೆ ಕೊಡಿ. ತಿಂಗಳ ಸಮಾಲೋಚನಾ ಸಭೆ ಪ್ರತಿ ಸಲವೂ ಒಂದೊಂದು ಶಾಲೆಯಲ್ಲಿ ಆಗಲಿ, ಮೊದಲ ಎರಡು ಗಂಟೆ ಎಲ್ಲರೂ ಆ ಊರನ್ನು ನಡೆದು ನೋಡಲಿ, ಆ ಊರಿನ ಶಿಕ್ಷಕರು ತೋರಿಸಲಿ, ಊರಿನ ಹಿರಿಯರು ಹೇಳಲಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಉಪನ್ಯಾಸಕರು ವರ್ಷಕ್ಕೆ ಮೂರು ಸಲ ಅದೇ ಶಾಲೆಗಳಿಗೆ ಮರಳಿ ಬರಲಿ. ಜೀವವೈವಿಧ್ಯ ಕಾಯ್ದೆ 2002ರಲ್ಲಿ ಬಂದು ಇಷ್ಟು ವರ್ಷವಾಯಿತು. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ದಾಖಲಾತಿ ಇರಬೇಕು, ಅದು ಎಲ್ಲಿದೆ, ಅದರಲ್ಲಿ ಏನು ಬರೆದಿದೆ, ಬರೆದದ್ದು ನಿಜವೇ ಎಂದು ಶಾಲೆಗಳು ನೋಡಲಿ, ತಿದ್ದಲಿ. ಆ ಗಂಟೆಗಳು 50 ಗಂಟೆಯ ಲೆಕ್ಕಕ್ಕೆ ಸೇರಲಿ. ಶಾಲೆಯಿಂದ ಒಂದು ಕಿಲೋಮೀಟರ್ ಒಳಗೆ ಮಕ್ಕಳನ್ನು ಹೊರಗೆ ಒಯ್ಯುವ ಶಿಕ್ಷಕರಿಗೆ ಇಲಾಖೆ ಲಿಖಿತ ಅನುಮತಿಯನ್ನೂ ರಕ್ಷಣೆಯನ್ನೂ ಕೊಡಲಿ.

ಇದನ್ನು ಓದುತ್ತಿರುವ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಮುಂದಿನ ತಿಂಗಳ ಸಭೆಗೆ ಹೋಗುವಾಗ ನಿಮ್ಮ ಶಾಲೆಯ ಸುತ್ತ ನೀವು ಮಕ್ಕಳಿಗೆ ಕಲಿಸಬೇಕೆಂದಿದ್ದರೂ ಕಲಿಸಲಾಗದ ಒಂದು ಸಂಗತಿಯನ್ನು ಬರೆದುಕೊಂಡು ಹೋಗಿ: ಬತ್ತಿದ ಕೆರೆ, ಸತ್ತ ಮಂಗ, ಕ್ರಷರಿನ ದೂಳು, ಯಾವುದಾದರೂ. ನಮಗೆ ತರಬೇತಿ ಬೇಕಾಗಿರುವುದು ಇದರ ಬಗ್ಗೆ ಎಂದು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿ.ಆರ್.ಪಿ.) ಕೈಗೆ ಬರಹದಲ್ಲಿ ಕೊಡಿ. ಒಬ್ಬರೇ ಕೊಡಬೇಡಿ. ಕ್ಲಸ್ಟರಿನ ಎಲ್ಲರೂ ಸಹಿ ಹಾಕಿ ಕೊಡಿ, ಸ್ವೀಕೃತಿ ಪಡೆದುಕೊಂಡು ಬನ್ನಿ.